ಹದಿಮೂರನೇ ಡಿಸ್ಕ್

2024ರ ನವೆಂಬರ್ ಕೊನೆ. ಆಡಿಟ್ ಸೀಸನ್ ಮುಗಿದು ಲೆಕ್ಕಪತ್ರದವರು ಉಸಿರು ಬಿಡುವ ಹೊತ್ತು. ಶಿವಮೊಗ್ಗದ ಒಂದು ಆಡಿಟರ್ ಆಫೀಸಿನಿಂದ ಫೋನ್ ಬಂತು. "ಹನ್ನೊಂದು ಹಳೇ ಕಂಪ್ಯೂಟರ್ ಇವೆ. ನಾನು ಓದಿದ ಹೈಸ್ಕೂಲಿಗೆ ಕೊಡೋಣ ಅಂತ. ಫಾರ್ಮ್ಯಾಟ್ ಎಲ್ಲ ಆಗಿದೆ. ನೀವು ಬಂದು ಸುಮ್ನೆ ಒಂದ್ಸಲ ನೋಡಿ, ಓಡ್ತವಾ ಅಂತ."

ಹೋದೆ. ಒಂಬತ್ತು ಡೆಸ್ಕ್‌ಟಾಪ್, ಎರಡು ಲ್ಯಾಪ್‌ಟಾಪ್. ಎಲ್ಲದರಲ್ಲೂ ಹೊಸ ವಿಂಡೋಸ್, ನೀಲಿ ಪರದೆ, ಖಾಲಿ ಡೆಸ್ಕ್‌ಟಾಪ್. ನೋಡಿದರೆ ಅಂಗಡಿಯಿಂದ ಈಗ ತಂದ ಹಾಗೆ. ಫಾರ್ಮ್ಯಾಟ್ ಮಾಡಿದ್ದು ಅವರ ಸರ್ವಿಸ್ ಹುಡುಗ. ಒಳ್ಳೆ ಕೆಲಸಗಾರ, ಹೇಳಿದ್ದನ್ನು ಹೇಳಿದ ದಿನ ಮುಗಿಸುವವನು.

ಒಂದು ಮೆಷಿನ್ ಬಿಚ್ಚಿ ಹಾರ್ಡ್‌ಡಿಸ್ಕ್ ತೆಗೆದೆ. ಯುಎಸ್‌ಬಿ ಅಡಾಪ್ಟರ್ ಹಾಕಿ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಫೋಟೋರೆಕ್ ಓಡಿಸಿದೆ. ಅಳಿಸಿಹೋದ ಫೈಲ್‌ಗಳನ್ನು ಹುಡುಕಿ ವಾಪಸ್ ತೆಗೆಯುವ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಉಚಿತ ಸಾಫ್ಟ್‌ವೇರ್ ಅದು. ಆಡಿಟರ್ ಸರ್ ಕಾಫಿ ತರಿಸಿದರು. ಕಾಫಿ ಆರುವಷ್ಟರಲ್ಲಿ ಫೋಲ್ಡರ್ ತುಂಬ ಫೈಲ್. ಫೋಟೋರೆಕ್‌ಗೆ ಫೈಲಿನ ಹೆಸರು ಸಿಗುವುದಿಲ್ಲ, ಬರೀ ನಂಬರ್ ಹಾಕಿ ಕೊಡುತ್ತದೆ. ಒಂದು ಪಿಡಿಎಫ್ ತೆಗೆದೆ, ಯಾರದೋ ಫಾರ್ಮ್ 16. ಇನ್ನೊಂದು, ಆಧಾರ್ ಕಾರ್ಡಿನ ಸ್ಕ್ಯಾನ್. ಮೂರನೆಯದು ಎಕ್ಸೆಲ್. ನಾಲ್ಕು ಕಾಲಂ: ಕ್ಲೈಂಟ್ ಹೆಸರು, ಪ್ಯಾನ್, ಹುಟ್ಟಿದ ತಾರೀಕು, ಇನ್‌ಕಮ್ ಟ್ಯಾಕ್ಸ್ ಪಾಸ್‌ವರ್ಡ್. ಮುನ್ನೂರಕ್ಕೂ ಜಾಸ್ತಿ ಸಾಲು.

ಸರ್ ಎದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಲು ಹೇಳುತ್ತಾರೆ ಅಂದುಕೊಂಡೆ. ಅವರು ಹೋಗಿ ಕ್ಯಾಬಿನ್ ಬಾಗಿಲು ಮುಚ್ಚಿ ಬಂದರು.

ಅವರಿಗೆ ಅರ್ಥವಾಗುವ ಹಾಗೆ ಹೇಳುವುದು ಕಷ್ಟವಾಗಲಿಲ್ಲ. ಕ್ವಿಕ್ ಫಾರ್ಮ್ಯಾಟ್ ಅಂದರೆ ಲೆಡ್ಜರಿನ ಇಂಡೆಕ್ಸ್ ಪುಟ ಹರಿದ ಹಾಗೆ ಸರ್, ಫೋಲಿಯೋಗಳೆಲ್ಲ ಒಳಗೆ ಹಾಗೇ ಇರುತ್ತವೆ ಅಂದೆ. ಹೊಸ ವಿಂಡೋಸ್ ಹಾಕಿದಾಗ ಇಪ್ಪತ್ತು-ಮೂವತ್ತು ಜಿಬಿ ಜಾಗದ ಮೇಲೆ ಹೊಸ ಬರಹ ಬಿದ್ದಿದೆ. 500 ಜಿಬಿ ಡಿಸ್ಕಿನಲ್ಲಿ ಅದು ಯಾವ ಮೂಲೆಗೆ? ಉಳಿದದ್ದೆಲ್ಲ ಹಳೇ ಡೇಟಾ. "ಪುಸ್ತಕದಲ್ಲಿ ಇವನ್ನೆಲ್ಲ ವರ್ಷಕ್ಕೆ 40 ಪರ್ಸೆಂಟ್ ಡಿಪ್ರಿಸಿಯೇಶನ್ ಹಾಕಿ ಸವೆಸಿದ್ದೀನಿ, ಒಳಗಿಂದು ಮಾತ್ರ ಸವೆದೇ ಇಲ್ಲ" ಅಂತ ಅವರೇ ನಕ್ಕರು. ನಗು ಸ್ವಲ್ಪ ಒಣಗಿತ್ತು.

ಇದೇನು ಹೊಸ ವಿಷಯ ಅಲ್ಲ. ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು 158 ಹಳೇ ಡಿಸ್ಕ್ ಕೊಂಡು ತಂದು ನೋಡಿ 2003ರಲ್ಲಿ ಒಂದು ಲೇಖನ ಬರೆದರು. ಓಡುತ್ತಿದ್ದದ್ದು 129. ಅದರಲ್ಲಿ ಸರಿಯಾಗಿ ಅಳಿಸಿದ್ದದ್ದು 12 ಮಾತ್ರ. ಮಾರಿದವರಲ್ಲಿ ಎಷ್ಟೋ ಜನ ಫಾರ್ಮ್ಯಾಟ್ ಮಾಡಿಯೇ ಮಾರಿದ್ದರು.

ಹಾಗಾದರೆ ಎಲ್ಲ ಡಿಸ್ಕ್ ಒಡೆದು ಹಾಕಿಬಿಡಿ ಅಂದರು ಸರ್. ಒಡೆಯಬಹುದು, ಆದರೆ ಶಾಲೆಯವರಿಗೆ ಡಿಸ್ಕ್ ಇಲ್ಲದ ಡಬ್ಬ ಕೊಟ್ಟು ಏನು ಪ್ರಯೋಜನ? ಅಳಿಸೋಣ, ಮೂರು ದಿನ ಕೊಡಿ ಅಂದೆ. ಒಪ್ಪಿದರು. ವರ್ಕಿಂಗ್ ಪೇಪರ್, ಅಂದರೆ ಆಡಿಟ್ ಮಾಡಿದ ಕೆಲಸದ ದಾಖಲೆ, ಏಳು ವರ್ಷ ಇಡಲೇಬೇಕಾದ್ದರಿಂದ ಬೇಕಾದದ್ದೆಲ್ಲ ಹೊಸ ಸರ್ವರ್‌ಗೂ ಒಂದು ಹೊರಗಿನ ಡಿಸ್ಕಿಗೂ ಆಗಲೇ ಕಾಪಿ ಆಗಿತ್ತು. ಆ ಹೊರಗಿನ ಡಿಸ್ಕ್ ಎಲ್ಲಿದೆ ಅಂತ ನಾನು ಅವತ್ತು ಕೇಳಲಿಲ್ಲ. ಕೇಳಬೇಕಿತ್ತು.

ಮೊದಲು ಎಣಿಕೆ. ಅಳಿಸುವ ಕೆಲಸದಲ್ಲಿ ಜನ ಹಾರಿಸಿಬಿಡುವ ಹೆಜ್ಜೆ ಇದೇ. ಕಂಪ್ಯೂಟರ್ ಎಣಿಸಿದರೆ ಸಾಲದು, ಡಿಸ್ಕ್ ಎಣಿಸಬೇಕು. ಆಡಿಟರ್ ಆಫೀಸ್ ಆದ್ದರಿಂದ ಒಂದು ಅನುಕೂಲ, ಕೊಂಡ ಬಿಲ್ಲುಗಳೆಲ್ಲ ಫೈಲಿನಲ್ಲಿ ಇದ್ದವು. ಅಕೌಂಟೆಂಟ್ ಮೇಡಂ ಅರ್ಧ ಗಂಟೆಯಲ್ಲಿ ತೆಗೆದುಕೊಟ್ಟರು. ಹನ್ನೊಂದು ಮೆಷಿನ್ ಜೊತೆ ಬಂದ ಹಾರ್ಡ್‌ಡಿಸ್ಕ್ ಹನ್ನೊಂದು. 2020ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ಎರಡು ಡೆಸ್ಕ್‌ಟಾಪಿಗೆ ಸ್ಪೀಡ್ ಬರಲಿ ಅಂತ ಹಾಕಿಸಿದ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಬರೆದುಕೊಳ್ಳುವ ಡಿಸ್ಕ್) ಎರಡು. ಒಟ್ಟು ಹದಿಮೂರು.

ಎಲ್ಲ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಹನ್ನೆರಡು.

ಮತ್ತೆ ಎಣಿಸಿದೆವು. ಹನ್ನೆರಡೇ. ಎಸ್‌ಎಸ್‌ಡಿ ಹಾಕಿಸಿಕೊಂಡ ಎರಡು ಮೆಷಿನ್‌ನಲ್ಲಿ ಒಂದರಲ್ಲಿ ಹಳೇ ಡಿಸ್ಕನ್ನು ಎರಡನೆಯದಾಗಿ ಒಳಗೇ ಬಿಟ್ಟಿದ್ದರು. ಇನ್ನೊಂದರಲ್ಲಿ ಎಸ್‌ಎಸ್‌ಡಿ ಒಂದೇ. ಅದರ ಹಳೇ ಡಿಸ್ಕ್ ಎಲ್ಲಿ ಹೋಯಿತು? ಸರ್ವಿಸ್ ಹುಡುಗ ಊರಲ್ಲಿರಲಿಲ್ಲ, ಅಕ್ಕನ ಮಗುವಿನ ನಾಮಕರಣಕ್ಕೆ ಹೋಗಿದ್ದ. ಫೋನ್ ಮಾಡಿದರೆ "ಅಣ್ಣಾ, ನಾಲ್ಕು ವರ್ಷದ ಹಿಂದಿನ ಮಾತು, ಬಂದು ನೋಡ್ತೀನಿ" ಅಂದ.

ಇಲ್ಲಿ ಒಂದು ದೊಡ್ಡವರ ಕತೆ ಹೇಳಬೇಕು. ಮಾರ್ಗನ್ ಸ್ಟ್ಯಾನ್ಲಿ ಅನ್ನುವ ಅಮೆರಿಕದ ಹಣಕಾಸು ಕಂಪನಿ ತನ್ನ ಹಳೇ ಸರ್ವರ್ ಮತ್ತು ಡಿಸ್ಕ್‌ಗಳನ್ನು ವಿಲೇವಾರಿ ಮಾಡಲು ಒಂದು ಸಾಮಾನು ಸಾಗಿಸುವ ಕಂಪನಿಯನ್ನು ನೇಮಿಸಿತ್ತು. ಡೇಟಾ ಅಳಿಸುವ ಅನುಭವವೇ ಅವರಿಗೆ ಇರಲಿಲ್ಲ. ಡಿಸ್ಕ್‌ಗಳು ಕೈಯಿಂದ ಕೈಗೆ ಹೋಗಿ ಆನ್‌ಲೈನ್ ಹರಾಜಿನಲ್ಲಿ ಮಾರಾಟವಾದವು. 2017ರಲ್ಲಿ ಒಕ್ಲಹೋಮಾದ ಒಬ್ಬ ಕಂಪ್ಯೂಟರ್ ಸಲಹೆಗಾರ ಹಾಗೆ ಕೊಂಡವನು ಕಂಪನಿಗೇ ಇಮೇಲ್ ಮಾಡಿ ನಿಮ್ಮ ಡೇಟಾ ನನ್ನ ಹತ್ತಿರ ಇದೆ ಅಂತ ತಿಳಿಸಿದ. ಆಮೇಲೆ ಇನ್ನೊಂದು ಸುತ್ತಿನ ವಿಲೇವಾರಿಯಲ್ಲಿ ಲೆಕ್ಕ ತಾಳೆ ನೋಡಿದರೆ 42 ಸರ್ವರ್ ಕಾಣೆ! 2020ರಲ್ಲಿ ಬ್ಯಾಂಕ್ ನಿಯಂತ್ರಕರು 6 ಕೋಟಿ ಡಾಲರ್, 2022ರಲ್ಲಿ ಷೇರು ನಿಯಂತ್ರಕರು 3.5 ಕೋಟಿ ಡಾಲರ್ ದಂಡ ಹಾಕಿದರು. ಆಡಿಟರ್ ಸರ್‌ಗೆ ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ಆದರೂ ಅವರು ಆ ರಾತ್ರಿ ಮನೆಯ ಅಟ್ಟ ಹುಡುಕಿದರಂತೆ.

ಸಿಕ್ಕ ಹನ್ನೆರಡರ ಕೆಲಸ ಶುರು ಮಾಡಿದೆ. ಒಂದು ಉದ್ದ ನೋಟ್‌ಬುಕ್‌ನಲ್ಲಿ ಗೆರೆ ಹಾಕಿ ಪ್ರತಿ ಡಿಸ್ಕಿನ ಕಂಪನಿ, ಅಳತೆ, ಸೀರಿಯಲ್ ನಂಬರ್, ಯಾವ ಮೆಷಿನ್‌ನಿಂದ ಬಂದದ್ದು, ಅಳಿಸಿದ ವಿಧಾನ, ತಾರೀಕು, ಸಹಿ. ಡಿಸ್ಕಿನ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಕ್ರಮಸಂಖ್ಯೆ.

ಬೂಟ್ ಆಗುವ, ಅಂದರೆ ಒಳಗಿನ ಡಿಸ್ಕ್ ಬದಲು ತಾನೇ ಕಂಪ್ಯೂಟರ್ ಶುರು ಮಾಡಿಸುವ ಪೆನ್‌ಡ್ರೈವ್ ತೆಗೆದೆ. ಅದು ಯಾಕೆ ಬೇಕು ಅಂತ ಮೇಡಂ ಕೇಳಿದರು. ವಿಂಡೋಸ್ ಒಳಗಿನಿಂದಲೇ ಪೂರ್ತಿ ಫಾರ್ಮ್ಯಾಟ್ ಕೊಟ್ಟರೆ ಹಳೇ ಡೇಟಾ ಮೇಲೆಲ್ಲ ಸೊನ್ನೆ ಬರೆಯುತ್ತದೆ, ವಿಸ್ಟಾ ಕಾಲದಿಂದ ಹಾಗೇ. ಆದರೆ ವಿಂಡೋಸ್ ಕೂತಿರುವ ಡಿಸ್ಕನ್ನು ವಿಂಡೋಸೇ ಅಳಿಸಲಾರದು. ಕೂತ ಕೊಂಬೆಯನ್ನು ತಾನೇ ಕಡಿದುಕೊಳ್ಳುವುದು ಹೇಗೆ? ಆದ್ದರಿಂದ ಹೊರಗಿನಿಂದ ಒಂದು ಪುಟ್ಟ ಸಿಸ್ಟಂ ಬಂದು ರ್‍ಯಾಮ್‌ನಲ್ಲಿ ಕೂತು ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಅಳಿಸಬೇಕು.

ಈ ಕೆಲಸಕ್ಕೆ ಎಲ್ಲರ ಬಾಯಲ್ಲಿ ಬರುವ ಹೆಸರು ಡಿಬ್ಯಾನ್. ಡರಿಕ್ ಹಾರ್ನ್ ಅನ್ನುವವರು ಮಾಡಿದ್ದು. ನಾನೂ ಸಿಡಿಗೆ ಬರೆದುಕೊಂಡು ವರ್ಷಗಟ್ಟಲೆ ಬಳಸಿದ್ದೇನೆ. 2012ರಲ್ಲಿ ಬ್ಲಾಂಕೊ ಕಂಪನಿ ಅದನ್ನು ಕೊಂಡಿತು. 2015ರಲ್ಲಿ ಬಂದ 2.3.0 ಆವೃತ್ತಿಯೇ ಕೊನೆ. ಯುಇಎಫ್‌ಐ (ಕಂಪ್ಯೂಟರ್ ಶುರುವಾಗುವ ಹೊಸ ಪದ್ಧತಿ) ಮಾತ್ರ ಇರುವ ಮೆಷಿನ್‌ನಲ್ಲಿ ಅದು ಬೂಟ್ ಆಗುವುದಿಲ್ಲ, ಹಳೇ ಲೆಗಸಿ ಮೋಡ್ ಬೇಕು. ಅದರ ಒಂದು ಆಜ್ಞೆಗೆ ನನಗೆ ಈಗಲೂ ಭಯ: ಆಟೋನ್ಯೂಕ್. ಟೈಪ್ ಮಾಡಿ ಎಂಟರ್ ಒತ್ತಿದರೆ ಕಣ್ಣಿಗೆ ಬಿದ್ದ ಡಿಸ್ಕ್‌ಗಳನ್ನೆಲ್ಲ ಅಳಿಸುತ್ತಾ ಹೋಗುತ್ತದೆ.

ಈಗ ನಾನು ಬಳಸುವುದು ಶ್ರೆಡ್‌ಓಎಸ್. ಡಿಬ್ಯಾನ್‌ನ ಒಳಗಿದ್ದ ಅಳಿಸುವ ಭಾಗದಿಂದಲೇ ಕವಲೊಡೆದು ಬಂದ ಎನ್‌ವೈಪ್ ಅದರಲ್ಲಿದೆ. ಲೆಗಸಿಯಲ್ಲೂ ಬೂಟ್ ಆಗುತ್ತದೆ, ಯುಇಎಫ್‌ಐನಲ್ಲೂ ಆಗುತ್ತದೆ. ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿದರೆ ಆಯ್ತು.

ಎಷ್ಟು ಸಲ ಅಳಿಸಬೇಕು ಅನ್ನುವುದರ ಮೇಲೆ ಸ್ವಲ್ಪ ಚರ್ಚೆ ಆಯಿತು. ಸರ್ ಎಲ್ಲೋ ಓದಿದ್ದರು, "35 ಸಲ ಅಳಿಸಿದರೇನೇ ಗ್ಯಾರಂಟಿ ಅಂತೆ." ಅದು ಆಕ್ಲೆಂಡ್ ವಿಶ್ವವಿದ್ಯಾಲಯದ ಪೀಟರ್ ಗಟ್‌ಮನ್ 1996ರಲ್ಲಿ ಬರೆದ ಪ್ರಬಂಧದ ಲೆಕ್ಕ. ಆ ಕಾಲದ ಬೇರೆ ಬೇರೆ ಬಗೆಯ ಡಿಸ್ಕ್‌ಗಳಿಗೆ ಬೇರೆ ಬೇರೆ ನಮೂನೆ ಬೇಕು ಅಂತ ಎಲ್ಲವನ್ನೂ ಸೇರಿಸಿ 35 ಆಗಿತ್ತು. ಯಾವ ಒಂದು ಡಿಸ್ಕಿಗೂ ಎಲ್ಲವೂ ಬೇಕಿರಲಿಲ್ಲ. ಹೊಸ ಡಿಸ್ಕ್‌ಗಳಿಗೆ ಇದರ ಅಗತ್ಯ ಇಲ್ಲ ಅಂತ ಗಟ್‌ಮನ್ ಅವರೇ ಆಮೇಲೆ ಸೇರಿಸಿದರು. ಜನ ಕೇಳಿಸಿಕೊಳ್ಳಲಿಲ್ಲ, 35 ಅನ್ನುವುದು ಮಂತ್ರದ ಹಾಗೆ ಉಳಿಯಿತು. ತಾಂತ್ರಿಕ ಮಾನದಂಡ ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆಯ 2014ರ ಮಾರ್ಗಸೂಚಿ ಪ್ರಕಾರ ತಿರುಗುವ ಹಾರ್ಡ್‌ಡಿಸ್ಕಿಗೆ ಒಂದು ಸಲ ಸೊನ್ನೆ ಬರೆದರೆ ಸಾಮಾನ್ಯವಾಗಿ ಸಾಕು. ಲ್ಯಾಬಿನಲ್ಲಿ ಕೂತವರಿಗೂ ವಾಪಸ್ ತೆಗೆಯುವುದು ಕಷ್ಟ.

ಲೆಕ್ಕವನ್ನೂ ಹಾಕಿ ತೋರಿಸಿದೆ. 500 ಜಿಬಿ ಡಿಸ್ಕ್, ಸೆಕೆಂಡಿಗೆ ಸುಮಾರು 100 ಎಂಬಿ ವೇಗ. ಒಂದು ಸುತ್ತಿಗೆ 83 ನಿಮಿಷ. 35 ಸುತ್ತು ಅಂದರೆ ಒಂದೊಂದು ಡಿಸ್ಕಿಗೆ ಎರಡು ದಿನ. ಒಂದು ಸುತ್ತು ಸೊನ್ನೆ, ಆಮೇಲೆ ಪೂರ್ತಿ ಓದಿ ಪರೀಕ್ಷೆ, ಹತ್ತಿರ ಹತ್ತಿರ ಮೂರು ಗಂಟೆ. ಇದಕ್ಕೇ ಒಪ್ಪಿದರು. ನನ್ನ ಮಾತು ಕೇಳಿದರೆ, ಅಳಿಸುವ ಸುತ್ತು ಹೆಚ್ಚಿಸುವುದಕ್ಕಿಂತ ಆ ಪರೀಕ್ಷೆಯ ಸುತ್ತಿಗೆ ಸಮಯ ಕೊಡುವುದು ಮೇಲು.

ಡಿಸ್ಕ್ ಸಿಕ್ಕಿಸುವ ನಾಲ್ಕು ಸಾಟಾ ಪೋರ್ಟ್ ಇದ್ದ ಒಂದು ಡೆಸ್ಕ್‌ಟಾಪನ್ನು ಕೆಲಸದ ಮೆಷಿನ್ ಮಾಡಿಕೊಂಡೆ. ಹಿಂದಿನ ವಾರದವರೆಗೆ ಆಫೀಸಿನ ಸರ್ವರ್ ಆಗಿದ್ದದ್ದು ಅದೇ. ಪಕ್ಕದ ತಗಡು ತೆಗೆದು, ಪವರ್ ಕೇಬಲ್ ಸಾಲದೆ ಸ್ಪ್ಲಿಟರ್ ಹಾಕಿ, ನಾಲ್ಕು ಡಿಸ್ಕ್‌ಗಳನ್ನು ಹಳೇ ಪೇಪರ್ ಮೇಲೆ ಹರಡಿದೆ. ಹತ್ತಿರ ಒಂದು ಟೇಬಲ್ ಫ್ಯಾನ್. ನಾಲ್ಕೂ ಒಟ್ಟಿಗೆ ಓಡಿದರೆ ಬಿಸಿಯಾಗುತ್ತವೆ.

ಎನ್‌ವೈಪ್ ಪರದೆ ಬಂತು. ಡಿಸ್ಕ್‌ಗಳ ಪಟ್ಟಿ. ಸ್ಪೇಸ್ ಒತ್ತಿದರೆ ಗುರುತು ಬೀಳುತ್ತದೆ, ಕೆಳಬಾಣ ಒತ್ತಿದರೆ ಮುಂದಿನದು. ಸ್ಪೇಸ್, ಬಾಣ, ಸ್ಪೇಸ್, ಬಾಣ. ಕೈ ತಾನಾಗಿ ಓಡುತ್ತಿತ್ತು. ಶಿಫ್ಟ್ ಮೇಲೆ ಎಡಗೈ ಹೋಯಿತು. ಶಿಫ್ಟ್ ಜೊತೆ ಎಸ್ ಒತ್ತಿದರೆ ಶುರು. ಆಗ ಕಣ್ಣಿಗೆ ಬಿತ್ತು, ಎಲ್ಲ 500 ಜಿಬಿ ಆಗಿರುವಾಗ ಗುರುತು ಬಿದ್ದ ಒಂದು ಸಾಲಿನಲ್ಲಿ ಒಂದು ಟಿಬಿ. ಮುಂದೆ ಯುಎಸ್‌ಬಿ ಅಂತ ಬೇರೆ ಇದೆ.

ಮೆಷಿನ್ ಹಿಂದಕ್ಕೆ ಬಗ್ಗಿ ನೋಡಿದೆ. ಕೇಬಲ್‌ಗಳ ಸಿಕ್ಕಿನ ನಡುವೆ ಒಂದು ಕರೀ ಪುಟ್ಟ ಡಬ್ಬಿ, ಅದರ ನೀಲಿ ದೀಪ ಮಿಣುಕುತ್ತಿತ್ತು. ಆಫೀಸಿನ ಬ್ಯಾಕಪ್. ಯಾರೂ ಕಿತ್ತಿರಲಿಲ್ಲ. ನಾನೂ ನೋಡಿರಲಿಲ್ಲ.

ಹೊಸ ಸರ್ವರ್‌ನಲ್ಲಿ ಇನ್ನೊಂದು ಕಾಪಿ ಇತ್ತು, ಪ್ರಪಂಚ ಮುಳುಗುತ್ತಿರಲಿಲ್ಲ. ಆದರೂ ಐದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂತೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ಅನ್ನುವ ಧೈರ್ಯ ಇದೆಯಲ್ಲ, ಅದು ಎಂಥ ದಡ್ಡತನ! ಆಮೇಲೆ ಡಬ್ಬಿಯನ್ನು ಕಿತ್ತು ಸರ್ ಕೈಗೇ ಕೊಟ್ಟು ಬೀರುವಿನಲ್ಲಿ ಇಡಿಸಿದೆ. ಪರದೆಯಲ್ಲಿ ಕಂಡ ಸೀರಿಯಲ್ಲಿನ ಕೊನೆಯ ನಾಲ್ಕು ಅಕ್ಷರವನ್ನು ನಾನು ಓದುವುದು, ನೋಟ್‌ಬುಕ್ ನೋಡಿ ಮೇಡಂ "ಹೂಂ" ಅನ್ನುವುದು. ಆಮೇಲೇ ಸ್ಪೇಸ್. ನೋಡುವವರಿಗೆ ಬ್ಯಾಂಕ್ ಕೌಂಟರಿನ ಹಾಗೆ ಕಾಣುತ್ತಿತ್ತು, ಆದರೆ ಒಂದೂ ತಪ್ಪಲಿಲ್ಲ.

ಎರಡನೇ ದಿನ ಲೈನ್ ಕೆಲಸ ಅಂತ ಬೆಳಿಗ್ಗೆ ಕರೆಂಟ್ ತೆಗೆದರು. ಯುಪಿಎಸ್ ಹತ್ತು ನಿಮಿಷ ಎಳೆದು ಕೈಚೆಲ್ಲಿತು. ಅಳಿಸುವಿಕೆ 60 ಪರ್ಸೆಂಟ್‌ನಲ್ಲಿತ್ತು. ನಿಂತಲ್ಲಿಂದ ಮುಂದುವರಿಸುವುದು ಇದರಲ್ಲಿ ಇಲ್ಲ, ಮೊದಲಿನಿಂದ ಶುರು. ಅರ್ಧ ಅಳಿಸಿದ ಡಿಸ್ಕ್ ನೋಡಲು ಸತ್ತ ಹಾಗೇ ಇರುತ್ತದೆ, ವಿಂಡೋಸ್ ಬರುವುದಿಲ್ಲ, ಫೋಲ್ಡರ್ ಕಾಣುವುದಿಲ್ಲ. ಆಗಿದೆ ಅಂದುಕೊಂಡು ಕಟ್ಟಿಟ್ಟರೆ ಉಳಿದ 40 ಪರ್ಸೆಂಟ್ ಶಾಲೆಗೆ ಹೋಗುತ್ತಿತ್ತು. ನೋಟ್‌ಬುಕ್‌ನಲ್ಲಿ ಆ ನಾಲ್ಕು ಸಾಲಿನ ಮುಂದೆ ಸಹಿ ಬಿದ್ದಿರಲಿಲ್ಲ, ಅಷ್ಟೇ ಕಾಪಾಡಿದ್ದು.

ಒಟ್ಟು ಹತ್ತು ಹಾರ್ಡ್‌ಡಿಸ್ಕ್‌ನಲ್ಲಿ ಒಂಬತ್ತು ಸಲೀಸಾಗಿ ಮುಗಿದವು. ಹತ್ತನೆಯದು ಮೊದಲಿನಿಂದಲೇ ಟಕ್ ಟಕ್ ಅನ್ನುತ್ತಿತ್ತು. ಬರೆಯುವಾಗ ಎರರ್ ಮೇಲೆ ಎರರ್. ಕೆಟ್ಟ ಸೆಕ್ಟರಿನ ಮೇಲೆ ಬರೆಯಲು ಆಗದಿದ್ದರೆ ಅಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ಅದಕ್ಕೆ ಡ್ರಿಲ್ಲೇ ಮದ್ದು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ತಟ್ಟೆಗಳ ಮೂಲಕ ಹೋಗುವ ಹಾಗೆ ನಾಲ್ಕು ತೂತು ಹೊಡೆಸಿದೆ. (ಲ್ಯಾಪ್‌ಟಾಪ್ ಡಿಸ್ಕಿಗೆ ಹೀಗೆ ಮಾಡುವವರು ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಎಷ್ಟೋ ಸಲ ಒಳಗಿನ ತಟ್ಟೆ ಗಾಜಿನದು, ಪುಡಿ ಹಾರುತ್ತದೆ.)

ಎಸ್‌ಎಸ್‌ಡಿ ಎರಡಕ್ಕೆ ಎನ್‌ವೈಪ್ ಬಳಸಲಿಲ್ಲ. ಎಸ್‌ಎಸ್‌ಡಿಯಲ್ಲಿ ನಾವು ಹೇಳಿದ ಜಾಗದಲ್ಲೇ ಅದು ಬರೆಯುವುದಿಲ್ಲ. ಸವೆತ ಸಮ ಮಾಡಲು ಹೊಸ ಬರಹವನ್ನು ಬೇರೆ ಕೋಶಕ್ಕೆ ಹಾಕಿ ಹಳೆಯದನ್ನು ಪಕ್ಕಕ್ಕೆ ಇಟ್ಟಿರುತ್ತದೆ. ನಮ್ಮ ಕಣ್ಣಿಗೆ ಬೀಳದ ಮೀಸಲು ಜಾಗವೂ ಇರುತ್ತದೆ. ಹೊರಗಿನಿಂದ ಎಷ್ಟು ಸೊನ್ನೆ ಸುರಿದರೂ ಆ ಮೂಲೆ ತಲುಪಿತು ಅಂತ ಹೇಳಲು ಬರುವುದಿಲ್ಲ. ಆದ್ದರಿಂದ ಎಸ್‌ಎಸ್‌ಡಿಯ ಒಳಗಿನ ಕಂಟ್ರೋಲರ್‌ಗೇ "ನೀನೇ ಅಳಿಸಿಕೋ" ಅನ್ನಬೇಕು. ಅದೇ ಸೆಕ್ಯೂರ್ ಇರೇಸ್ ಆಜ್ಞೆ.

ಉಬುಂಟು (ವಿಂಡೋಸ್ ಬದಲು ಬಳಸುವ ಉಚಿತ ಸಿಸ್ಟಂ) ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕಿಗೆ ನೇರ ಆಜ್ಞೆ ಕೊಡುವ ಎಚ್‌ಡಿಪಾರ್ಮ್‌ನಲ್ಲಿ ನೋಡಿದರೆ "ಫ್ರೋಜನ್" ಅಂತ ಬಂತು. ವೈರಸ್ ಗಿರಸ್ ಈ ಆಜ್ಞೆ ಕೊಡದಿರಲಿ ಅಂತ ಬೂಟ್ ಆಗುವಾಗ ಬಯಾಸೇ ಬೀಗ ಹಾಕುತ್ತದೆ. ಇದಕ್ಕೆ ಒಂದು ತಮಾಷೆಯ ಉಪಾಯ ಇದೆ. ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸುವುದು. ಎದ್ದಾಗ ಬೀಗ ಬಿಟ್ಟಿರುತ್ತದೆ! ಎರಡಕ್ಕೂ ಹಾಗೇ ಆಯಿತು. ಒಂದು ತಾತ್ಕಾಲಿಕ ಪಾಸ್‌ವರ್ಡ್ ಹಾಕಿ ಅಳಿಸುವ ಆಜ್ಞೆ ಕೊಡಬೇಕು, ಮುಗಿದ ಮೇಲೆ ಪಾಸ್‌ವರ್ಡ್ ತಾನೇ ಹೋಗುತ್ತದೆ. ನಡುವೆ ಕರೆಂಟ್ ಹೋದರೆ ಎಸ್‌ಎಸ್‌ಡಿ ಬೀಗ ಬಿದ್ದ ಹಾಗೇ ಉಳಿಯಬಹುದು, ಆದ್ದರಿಂದ ಪಾಸ್‌ವರ್ಡ್ ನೋಟ್‌ಬುಕ್‌ನಲ್ಲಿ ಬರೆದೇ ಮುಂದೆ ಹೋದೆ. ಕೆಲವೇ ನಿಮಿಷದ ಕೆಲಸ.

ಆಗಿದೆ ಅಂತ ಅದು ಹೇಳಿದ್ದನ್ನೂ ಹಾಗೇ ನಂಬುವುದಿಲ್ಲ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಎಸ್‌ಎಸ್‌ಡಿಗಳನ್ನು ಬಿಚ್ಚಿ ನೋಡಿದಾಗ ಒಂದು ಡ್ರೈವ್ ಅಳಿಸಿದ್ದೇನೆ ಅಂತ ವರದಿ ಕೊಟ್ಟು ಡೇಟಾ ಪೂರ್ತಿ ಹಾಗೇ ಇಟ್ಟುಕೊಂಡಿತ್ತು. ಚಿಪ್ ಕಿತ್ತು ನೋಡುವ ಸಾಮರ್ಥ್ಯ ನನಗಿಲ್ಲ. ಓದಿ ನೋಡುವುದಂತೂ ಆಗುತ್ತದೆ. ಡಿಸ್ಕಿನಲ್ಲಿ ಇರುವುದನ್ನು ಇದ್ದ ಹಾಗೇ ಓದಿ ತೋರಿಸುವ ಹೆಕ್ಸ್‌ಡಂಪ್ ಓಡಿಸಿದೆ. ಒಂದು ಸಾಲು ಸೊನ್ನೆ ಬಂತು. ಅದರ ಕೆಳಗೆ ಒಂದು ಪುಟ್ಟ ನಕ್ಷತ್ರ, ಅಂದರೆ ಮುಂದೆಯೂ ಅದೇ ಅಂತ. ಆಮೇಲೆ ಏನೂ ಇಲ್ಲ, ಕರ್ಸರ್ ಮಿಟುಕುತ್ತಾ ಇತ್ತು. ಕೊನೆಗೆ ಡಿಸ್ಕಿನ ಕಡೇ ವಿಳಾಸ ಬಂದು ನಿಂತಿತು. ನಡುವೆ ಒಂದೇ ಒಂದು ಅಕ್ಷರ ಸಿಕ್ಕಿದ್ದರೂ ಅಲ್ಲಿ ಹೊಸ ಸಾಲು ಬೀಳುತ್ತಿತ್ತು. ಮೊದಲ ದಿನ ಎಕ್ಸೆಲ್ ಸಿಕ್ಕ ಹಾರ್ಡ್‌ಡಿಸ್ಕಿನ ಮೇಲೆ ಸರ್ ಎದುರಿಗೇ ಫೋಟೋರೆಕ್ ಮತ್ತೆ ಓಡಿಸಿದೆ. ಸಿಕ್ಕ ಫೈಲ್ ಸೊನ್ನೆ.

ಒಟ್ಟು ಹನ್ನೊಂದು ಡಿಸ್ಕ್ ಕ್ಲೀನ್, ಹನ್ನೊಂದು ಮೆಷಿನ್. ಎರಡು ಡಿಸ್ಕ್ ಇದ್ದ ಮೆಷಿನ್‌ನಿಂದ ಒಂದನ್ನು ತೆಗೆದು ಡ್ರಿಲ್ ಆದದ್ದರ ಜಾಗಕ್ಕೆ ಹಾಕಿದೆ. ಎಲ್ಲದಕ್ಕೂ ಉಬುಂಟು. ಶಾಲೆಗೆ ಕೊಡಲು ರೆಡಿ. ಆದರೆ ಸರ್ ಗಾಡಿ ಕರೆಸಲು ಬಿಡಲಿಲ್ಲ. "ಹದಿಮೂರು ಟ್ಯಾಲಿ ಆಗ್ಲಿ, ಆಮೇಲೆ."

ಮೂರನೇ ದಿನ ಮಧ್ಯಾಹ್ನ ಸರ್ವಿಸ್ ಹುಡುಗ ನಾಮಕರಣದ ಲಾಡು ಹಿಡಿದುಕೊಂಡು ಬಂದ. ಎಲ್ಲರೂ ಅವನನ್ನೇ ನೋಡಿದೆವು. ತಲೆ ಕೆರೆದ. ಮನೆಯಲ್ಲಿಲ್ಲ, ಮಾರಿಲ್ಲ, ಆಣೆ ಬೇಕಾದ್ರೆ ಮಾಡ್ತೀನಿ ಅಂದ. ಆಮೇಲೆ ಅವನ ಕಣ್ಣು ನಿಧಾನಕ್ಕೆ ಗೋಡೆ ಮೇಲೆ, ಸೂರಿನ ಮೂಲೆಗೆ ಹೋಯಿತು. ಅಲ್ಲಿ ಸಿಸಿಟಿವಿ ಕ್ಯಾಮೆರಾ. ಅದರ ವಿಡಿಯೋ ರೆಕಾರ್ಡ್ ಮಾಡುವ ಡಬ್ಬವೇ ಡಿವಿಆರ್.

"ಅಣ್ಣಾ, ಡಿವಿಆರ್‌ಗೆ ಡಿಸ್ಕ್ ಬೇಕು ಅಂತ ಸರ್ ಅವಾಗ ಹೇಳಿದ್ರಲ್ಲ. ಹೊಸದ್ಯಾಕೆ, ಇದೇ ಇದೆಯಲ್ಲ ಅಂತ ಹಾಕ್ದೆ."

ಸರ್‌ಗೂ ಆಗ ನೆನಪಾಯಿತು. ಎರಡು ಸಾವಿರ ಉಳಿಯಿತು ಅಂತ ಹೊಗಳಿದ್ದು ಅವರೇ.

ಏಣಿ ಹಾಕಿ ಅಟ್ಟದ ಮೇಲಿದ್ದ ಡಿವಿಆರ್ ಇಳಿಸಿದೆವು. ಧೂಳು, ಎರಡು ಜಿರಳೆ, ಒಳಗೆ 500 ಜಿಬಿ ಡಿಸ್ಕ್. ಜೊತೆಗೆ ಕೊಂಡ ಡಿಸ್ಕ್‌ಗಳ ಸೀರಿಯಲ್ಲಿಗೂ ಇದಕ್ಕೂ ಮೊದಲ ಐದು ಅಕ್ಷರ ಒಂದೇ, ತಯಾರಾದ ತಿಂಗಳೂ ಒಂದೇ. ಇದೇ ಹದಿಮೂರನೆಯದು.

ಮಜಾ ಏನೆಂದರೆ, ಅದು ನಾಲ್ಕು ವರ್ಷದಿಂದ ತನ್ನನ್ನು ತಾನೇ ಅಳಿಸಿಕೊಳ್ಳುತ್ತಾ ಇತ್ತು. ಡಿವಿಆರ್ ಡಿಸ್ಕ್ ತುಂಬಿದ ಮೇಲೆ ಹಳೇ ರೆಕಾರ್ಡಿಂಗ್ ಮೇಲೆ ಹೊಸದನ್ನು ಬರೆಯುತ್ತದೆ. ಹತ್ತು-ಹನ್ನೆರಡು ದಿನಕ್ಕೆ ಒಂದು ಸುತ್ತು ಅಂದರೂ ನಾಲ್ಕು ವರ್ಷದಲ್ಲಿ ನೂರು ಸುತ್ತು ದಾಟಿರಬೇಕು. ಗಟ್‌ಮನ್ ಹೇಳಿದ 35ರ ಮೂರು ಪಟ್ಟು! ಫೋಟೋರೆಕ್ ಓಡಿಸಿದರೆ ಒಂದು ಫಾರ್ಮ್ 16 ಕೂಡ ಬರಲಿಲ್ಲ. ಬಂದದ್ದೆಲ್ಲ ವಿಡಿಯೋ ತುಣುಕು. ಒಂದರಲ್ಲಿ ಆಫೀಸ್ ಅಟೆಂಡರ್ ಯಾರೂ ಇಲ್ಲದಾಗ ಸರ್ ಕುರ್ಚಿಯಲ್ಲಿ ಕೂತು ತಿರುಗುತ್ತಿದ್ದ.

"ಹಾಗಾದ್ರೆ ಇದು ಕ್ಲೀನ್ ಅಂತ ಬರೆಯಬಹುದಾ?" ಅಂತ ಮೇಡಂ ಕೇಳಿದರು. ಬರೆಯಬಾರದು ಅಂದೆ. ಡಿವಿಆರ್ ಯಾವ ಜಾಗ ಮುಟ್ಟುತ್ತದೆ, ಯಾವುದನ್ನು ಬಿಡುತ್ತದೆ ಅನ್ನುವುದು ಅದರ ಇಷ್ಟ. ಮತ್ತೆ ಪೆನ್‌ಡ್ರೈವ್ ಹಾಕಿದೆ. ಮೂರು ಗಂಟೆ ಕ್ಯಾಮೆರಾ ಇಲ್ಲದ್ದರಿಂದ ಅಟೆಂಡರ್‌ಗೆ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಕೊಟ್ಟರು. ಈ ಸಲ ತಿರುಗದ ಕುರ್ಚಿ.

ಸಂಜೆ ಪರೀಕ್ಷೆ ಮುಗಿಯಿತು. ಡಿಸ್ಕ್ ವಾಪಸ್ ಡಿವಿಆರ್‌ಗೆ ಹೋಯಿತು. ಹದಿಮೂರನೇ ಸಾಲಿನಲ್ಲಿ ನಾನು ಸಹಿ ಹಾಕಿ ನೋಟ್‌ಬುಕ್ ತಳ್ಳಿದೆ. ಸರ್ ಒಂದೊಂದೇ ಸಾಲಿನ ಮೇಲೆ ಪೆನ್ ಇಟ್ಟು ಎಣಿಸಿದರು. ಅಳಿಸಿದ್ದು 12, ಒಡೆದದ್ದು 1, ಒಟ್ಟು 13. ಸ್ಕೇಲ್ ತೆಗೆದುಕೊಂಡು ಮೊತ್ತದ ಕೆಳಗೆ ಎರಡು ಗೆರೆ ಎಳೆದು, ಗಾಡಿಯವನಿಗೆ ಫೋನ್ ಮಾಡಿದರು.